‘ನಿಂತ ಪಂಪು’ ಅಂದರೆ ಯಾವ ಪಂಪು?

ಗೆಳೆಯರೇ, ಒಂದು ಜೋಡಿ ಪದಕ್ಕೆ ನಿಮ್ಮ ನೆರವು ಬೇಕು. ಸೇಡಂ ಕಡೆಯ ಒಂದು ಕಾರ್ಖಾನೆಯಲ್ಲಿ ನಾನು ಪಂಪುಗಳ ರಿಪೇರಿ ನೋಡಿಕೊಳ್ಳುತ್ತೇನೆ. ಹೊಸದಾಗಿ ಸೇರುವ ಐಟಿಐ ಹುಡುಗರಿಗಾಗಿ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಯಾವ ಜಾಗಕ್ಕೆ ಹಾರಿಜಾಂಟಲ್ ಪಂಪು, ಯಾವ ಜಾಗಕ್ಕೆ ವರ್ಟಿಕಲ್ ಪಂಪು ಅನ್ನೋ ಪಾಠಕ್ಕೆ ಬಂದು ನಿಂತುಬಿಟ್ಟಿದ್ದೇನೆ. ವಿಷಯ ಗೊತ್ತು, ಪದ ಸಿಗುತ್ತಿಲ್ಲ.

ಮೊದಲು ಪಠ್ಯಪುಸ್ತಕದ ದಾರಿ ಹಿಡಿದೆ. ‘ಪಂಪನ್ನು ಲಂಬವಾಗಿ ಕೂರಿಸಬೇಕು’ ಅಂತ ಬರೆದು ಒಬ್ಬ ಹುಡುಗನಿಗೆ ಓದಲು ಕೊಟ್ಟೆ. ಅವನ ಮನೆಮಾತು ದಖ್ಖನಿ ಉರ್ದು, ಕನ್ನಡವನ್ನೂ ಚೆನ್ನಾಗಿಯೇ ಓದುತ್ತಾನೆ. ಓದಿದವನು ಚಾಕ್‌ಪೀಸ್ ತಗೊಂಡು ಫೌಂಡೇಶನ್ ಮೇಲೆ ಗೋಡೆಯುದ್ದಕ್ಕೂ ಒಂದು ಗೆರೆ ಎಳೆದ. ‘ಸರ್, ಹಿಂಗ ಲಂಬಾ ಇಡಬೇಕಲ್ರಿ?’ ಅಂದ. ಅವನದೇನೂ ತಪ್ಪಿಲ್ಲ. ಅವನಿಗೆ ಲಂಬಾ ಅಂದರೆ ಉದ್ದ. ಎರಡೂ ಒಂದೇ ಸಂಸ್ಕೃತ ಪದದಿಂದ ಬಂದವು. ಕನ್ನಡದ ಗಣಿತ ಪುಸ್ತಕದಲ್ಲಿ ಅದು ಎದ್ದು ನಿಂತಿತು, ಹಿಂದಿ ಉರ್ದುವಿನಲ್ಲಿ ಉದ್ದಕ್ಕೆ ಚಾಚಿಕೊಂಡಿತು. ಬೆಂಗಳೂರಿನಲ್ಲಿ ಕೂತು ಬರೆದವರಿಗೆ ಈ ತೊಡಕು ಹೊಳೆಯುವುದಿಲ್ಲ. ನಮ್ಮ ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಅರ್ಧ ವರ್ಕ್‌ಶಾಪ್ ಎರಡೂ ಮಾತು ಆಡುತ್ತದೆ.

ಲಂಬದ ಮೂಲ ಅರ್ಥ ‘ನೇತಾಡುವುದು’. ಗೋಡೆ ಸರಿಯಾಗಿದೆಯಾ ನೋಡಲು ಗೌಂಡಿ ದಾರಕ್ಕೆ ಗುಂಡು ಕಟ್ಟಿ ಬಿಡುತ್ತಾನಲ್ಲ, ಹಾಗೆ. ನದಿ ದಂಡೆಯಲ್ಲಿ ನೀರೆತ್ತಲು ಕಟ್ಟುವ ಬಾವಿ, ಅಂದರೆ ಜಾಕ್‌ವೆಲ್‌ನ ಪಂಪಿಗೆ ಈ ಅರ್ಥ ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ. ಭೀಮೆಯ ನೀರು ಬೇಸಿಗೆಯಲ್ಲಿ ತಳ ಕಾಣುತ್ತದೆ, ಮಳೆಗಾಲದಲ್ಲಿ ದಂಡೆ ಮೀರುತ್ತದೆ. ಹಾಗಾಗಿ ಮೋಟರು ನೆರೆ ಮುಟ್ಟದ ಎತ್ತರದಲ್ಲಿ ಇರಬೇಕು, ನೀರನ್ನು ತಳ್ಳುವ ಚಕ್ರ, ಅಂದರೆ ಇಂಪೆಲ್ಲರ್, ಯಾವಾಗಲೂ ನೀರಿನಲ್ಲಿ ಮುಳುಗಿರಬೇಕು. ನಡುವೆ ಉದ್ದನೆಯ ಕಾಲಂ ಪೈಪು, ಅದರೊಳಗೆ ಇಂಪೆಲ್ಲರ್ ತಿರುಗಿಸುವ ದಂಡ, ಅಂದರೆ ಶಾಫ್ಟು. ಇಡೀ ಪಂಪು ಮೇಲಿನ ನೆಲದಿಂದ ಜೋತುಬಿದ್ದಿರುತ್ತದೆ. ಶಾಫ್ಟು, ಇಂಪೆಲ್ಲರ್‌ಗಳ ಭಾರವನ್ನೂ ನೀರು ಕೆಳಗೆ ಜಗ್ಗುವ ಬಲವನ್ನೂ ಮೇಲಿರುವ ಥ್ರಸ್ಟ್ ಬೇರಿಂಗ್ ಹೊರುತ್ತದೆ. ಇದಕ್ಕೆ ತೂಗುದೀಪ, ತೂಗುಸೇತುವೆಯ ಹಾಗೆ ‘ತೂಗುಪಂಪು’ ಅನ್ನಬಹುದಲ್ವಾ ಅನ್ನಿಸಿತು. ಆದರೆ ಪೈಪ್‌ಲೈನಿನ ಮೇಲೇ ಮೋಟರ್ ಹೊತ್ತು ಕೂರುವ ಇನ್‌ಲೈನ್ ಪಂಪೂ ವರ್ಟಿಕಲ್ಲೇ. ಅದು ಎಲ್ಲಿಂದಲೂ ತೂಗುವುದಿಲ್ಲ. ಒಂದು ಜಾತಿಗೆ ಮಾತ್ರ ಹೊಂದುವ ಪದವನ್ನು ಎಲ್ಲದಕ್ಕೂ ಇಡಲಾಗದು.

ಸರಿ, ಅಚ್ಚಗನ್ನಡದಲ್ಲೇ ಹೇಳೋಣ ಅಂತ ‘ನಿಂತ ಪಂಪು’, ‘ಮಲಗಿದ ಪಂಪು’ ಅಂತ ಬರೆದೆ. ನೋಡಿದರೆ ಕಣ್ಣಿಗೆ ಕಟ್ಟುವ ಹಾಗಿವೆ. ಶಿಫ್ಟ್ ಪುಸ್ತಕದಲ್ಲಿ ಒಂದು ದಿನ ‘2ನೇ ನಿಂತ ಪಂಪಿಗೆ ಎಣ್ಣೆ ಹಾಕಿದೆ’ ಅಂತ ನಾನೇ ಬರೆದಿದ್ದೆ. ರಾತ್ರಿ ಪಾಳಿಯವರು ಅದನ್ನು ಓದಿ, ಪಂಪು ಯಾಕೆ ಬಂದ್ ಬಿತ್ತು ಅಂತ ಫೋನ್ ಮಾಡಿದರು. ‘ಪಂಪ್ ನಿಂತದ್ರಿ’ ಅಂದರೆ ಕೆಲಸ ನಿಂತಿದೆ ಅಂತಲೇ ಅರ್ಥ. ‘ಮಲಗ್ಯದ’ ಅಂದರೆ ಇನ್ನೂ ಕೆಟ್ಟದ್ದು, ಕೆಟ್ಟು ಕೂತಿದೆ ಅಂತ. ಯಂತ್ರದ ವಿಷಯದಲ್ಲಿ ಈ ಎರಡು ಕ್ರಿಯಾಪದಗಳನ್ನು ಮುಟ್ಟಬಾರದು ಅಂತ ಆ ರಾತ್ರಿ ಗೊತ್ತಾಯಿತು.

ನಮ್ಮಲ್ಲಿ ಬಳಕೆಯಲ್ಲಿರೋದು ವರ್ಟಿಕಲ್‌ಗೆ ‘ಖಡಾ’ ಮತ್ತು ಹಾರಿಜಾಂಟಲ್‌ಗೆ ‘ಆಡಾ’. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಊರುಗಳು ಇವು, ಕೈಕೆಲಸದ ಮಾತಿನಲ್ಲಿ ಉರ್ದು ಸಹಜವಾಗಿಯೇ ಉಳಿದಿದೆ. ನಮ್ಮ ಹಿರಿಯ ಮಿಸ್ತ್ರಿ ಕಾಕಾ ಹೇಳುತ್ತಾರೆ: ‘ಖಡಾ ಪಂಪಿಗೆ ನೆಲಾ ಕಮ್ಮಿ ಸಾಕು, ಆದ್ರ ಮ್ಯಾಲ ಆಕಾಶ ಬೇಕು.’ ಪಾಠದ ಅರ್ಧ ಭಾಗ ಈ ಮಾತಿನಲ್ಲೇ ಇದೆ. ಜಾಕ್‌ವೆಲ್ ಪಂಪಿನ ಕಾಲಂ ತುಂಡು 3 ಮೀಟರ್ ಇದ್ದರೆ, ಅದನ್ನು ಚೈನ್ ಪುಲ್ಲಿಗೆ ಕಟ್ಟಿ ಎತ್ತಲು ಸೂರು ಅದಕ್ಕಿಂತ ಎತ್ತರ ಬೇಕೇ ಬೇಕು. ಆಡಾ ಪಂಪಿಗೆ ನೆಲ ಜಾಸ್ತಿ ಬೇಕು, ಆದರೆ ಕಪ್ಲಿಂಗ್, ಗ್ಲ್ಯಾಂಡ್, ಬೇರಿಂಗ್ ಎಲ್ಲವೂ ಸೊಂಟದೆತ್ತರದಲ್ಲಿ ಕೈಗೆ ಸಿಗುತ್ತವೆ. ನೀರು ಕೆಳಗಿದ್ದರೆ ಮಾತ್ರ ಅದಕ್ಕೆ ಕಷ್ಟ. ಗಾಳಿಯ ಒತ್ತಡ ನೀರನ್ನು ತಳ್ಳುವುದು ಹೆಚ್ಚೆಂದರೆ 10.3 ಮೀಟರ್, ಅದೂ ಸಮುದ್ರ ಮಟ್ಟದಲ್ಲಿ. ಕಲಬುರಗಿ ಸುಮಾರು 450 ಮೀಟರ್ ಎತ್ತರದಲ್ಲಿದೆ, ಅದರಲ್ಲೇ ಅರ್ಧ ಮೀಟರ್ ಹೋಯಿತು. ಬಿಸಿಲಿಗೆ ಕಾದ ನೀರು ಇನ್ನಷ್ಟು ಕಳೆಯುತ್ತದೆ. ಕೆಲಸಕ್ಕೆ ಸಿಗೋದು 6 ಮೀಟರ್ ಅಂತ ಲೆಕ್ಕ ಹಿಡಿದರೆ ಕ್ಷೇಮ. ಹೀರುವ ಪೈಪಿನ ಬುಡದಲ್ಲಿ ನೀರು ವಾಪಸ್ ಇಳಿಯದಂತೆ ತಡೆಯುವ ಫುಟ್‌ವಾಲ್ ಸೋರಿದರೆ ಅದೂ ಇಲ್ಲ, ಮತ್ತೆ ನೀರು ತುಂಬಿಯೇ ಚಾಲು ಮಾಡಬೇಕು.

ಖಡಾ, ಆಡಾ ಎರಡನ್ನೂ ಕೈಪಿಡಿಯಲ್ಲಿ ಹಾಗೇ ಇಡುತ್ತೇನೆ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅದೇ ಹುಡುಗ ನಾಳೆ ಹುಬ್ಬಳ್ಳಿಗೋ ಮೈಸೂರಿಗೋ ಕೆಲಸಕ್ಕೆ ಹೋದರೆ ಅಲ್ಲಿಯವರಿಗೂ ತಿಳಿಯುವ ಒಂದು ಜೋಡಿ ಬೇಕು. ‘ನೆಟ್ಟನೆ ಶಾಫ್ಟು’ ಅಂದು ನೋಡಿದೆ. ಫಿಟ್ಟರ್‌ಗಳಿಗೆ ಅದು ‘ಎಲ್ಲೂ ಬಾಗದ ಶಾಫ್ಟು’ ಅಂತ ಕೇಳಿಸುತ್ತದೆ.

‘ದಿಕ್ಕು’ ಅನ್ನೋ ಪದವನ್ನಂತೂ ಪೂರ್ತಿ ಕೈಬಿಟ್ಟೆ. ‘ಕೂರಿಸುವ ದಿಕ್ಕು’ ಅಂತ ಬರೆದರೆ ಓದುವವರ ಕಣ್ಣು ಪಂಪಿನ ಮೇಲಿನ ಬಾಣದ ಗುರುತಿಗೆ ಹೋಗುತ್ತದೆ, ಅದು ತಿರುಗುವ ದಿಕ್ಕು. ಜಾಕ್‌ವೆಲ್ ಪಂಪಿನಲ್ಲಿ ಶಾಫ್ಟಿನ ತುಂಡುಗಳನ್ನು ಥ್ರೆಡ್ ಹಾಕಿ ಜೋಡಿಸಿದ್ದರೆ, ಉಲ್ಟಾ ತಿರುಗಿದಾಗ ಜೋಡಣೆ ಬಿಚ್ಚಿಕೊಳ್ಳಬಹುದು. ಅಂಥ ಕಡೆ ಒಂದೇ ಪದಕ್ಕೆ ಎರಡು ಅರ್ಥ ಇರಲೇಬಾರದು. ಅದಕ್ಕೇ ‘ಕೂರಿಸುವ ಬಗೆ’ ಅಂತ ಬರೆದಿದ್ದೇನೆ.

ಈಗ ನನ್ನ ಮನಸ್ಸಿಗೆ ಬಂದಿರೋ ಜೋಡಿ ‘ನಿಲುಪಂಪು’ ಮತ್ತು ‘ಅಡ್ಡಪಂಪು’. ನಿಲುಗನ್ನಡಿ, ನಿಲುವಂಗಿಯ ಹಾಗೆ ಒಂದು, ಅಡ್ಡಪಟ್ಟಿ, ಅಡ್ಡತೊಲೆಯ ಹಾಗೆ ಇನ್ನೊಂದು. ಪಾಠದ ಮೊದಲ ಸಾಲಿನಲ್ಲೇ ‘ಹೆಸರು ಶಾಫ್ಟನ್ನು ನೋಡಿ ಇಟ್ಟದ್ದು, ಪೈಪನ್ನು ನೋಡಿ ಅಲ್ಲ’ ಅಂತ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಇನ್‌ಲೈನ್ ಪಂಪಿನ ಪೈಪು ಅಡ್ಡ ಇರೋದು ಕಂಡು ಹುಡುಗರು ಅದನ್ನು ಅಡ್ಡಪಂಪು ಅಂದುಬಿಡುತ್ತಾರೆ.

ಒಂದು ಭಯ ಉಳಿದಿದೆ. ‘ನಿಲುಗಡೆ’ ಅಂದರೆ ಬಸ್ಸು ನಿಲ್ಲುವ ಜಾಗ, ವಿದ್ಯುತ್ ನಿಲುಗಡೆ ಅಂದರೆ ಕರೆಂಟ್ ಹೋಗೋದು. ‘ನಿಲುಪಂಪು’ ಅಂದಾಗ ನಿಮಗೆ ಕನ್ನಡಿ ನೆನಪಾಗುತ್ತದೋ, ನಿಲುಗಡೆ ನೆನಪಾಗುತ್ತದೋ? ನಿಮ್ಮ ಕಡೆಯ ಬೋರ್‌ವೆಲ್ ಮೆಕ್ಯಾನಿಕ್, ಕಬ್ಬಿನ ಕಾರ್ಖಾನೆಯ ಫಿಟ್ಟರ್, ನೀರು ಬಿಡುವವರು ಇವಕ್ಕೆ ಏನನ್ನುತ್ತಾರೆ? ಬೀದರಿನ ಭಾಲ್ಕಿ, ಔರಾದ್ ಕಡೆಯವರು ಬರೆದರೆ ಇನ್ನೂ ಖುಷಿ. ಅಲ್ಲಿ ಮರಾಠಿಯ ‘ಉಭಾ’, ‘ಆಡವಾ’ ಕೆಲಸದ ಕನ್ನಡದೊಳಗೂ ಬಂದಿವೆಯಾ ತಿಳಿಸಿ.