ಸಹಾಯ ಬೇಕು: ಜಿಮ್ನಿಗೆ ಯಾವ ವೀಲ್ ಹಾಕಿಸಲಿ?

ಎಲ್ಲರಿಗೂ ನಮಸ್ಕಾರ. ನಮ್ಮದು ಸಕಲೇಶಪುರ ಹತ್ತಿರ ಕಾಫಿ ತೋಟ. ಐದು ಬಾಗಿಲಿನ ಮಾರುತಿ ಜಿಮ್ನಿ ಗಾಡಿ ಇದೆ, ಕಂಪನಿಯ 195/80 ಆರ್15 ಅಳತೆಯ ಟೈರು. ಮಳೆಗಾಲದಲ್ಲಿ ತೋಟದ ಏರು ಹತ್ತುವಾಗ ಜಾರುತ್ತದೆ. ಅದಕ್ಕೇ 215/75 ಆರ್15 ಎ.ಟಿ. (ಆಲ್-ಟೆರೇನ್, ಕಚ್ಚಾ ದಾರಿಗೂ ಆಗುವ) ಟೈರು ಹಾಕಿಸೋಣ ಅಂತಿದ್ದೇನೆ. ಟೈರಿನ ಎತ್ತರ ಸುಮಾರು 10 ಮಿ.ಮೀ. ಅಷ್ಟೇ ಜಾಸ್ತಿ ಆಗುತ್ತದೆ, ಆ ಬಗ್ಗೆ ಚಿಂತೆ ಇಲ್ಲ.

ತಲೆ ಕೆಟ್ಟಿರುವುದು ವೀಲ್ ವಿಷಯಕ್ಕೆ. ಅಂಗಡಿಯವರು 7 ಇಂಚು ಅಗಲದ, ಮೈನಸ್ 20 ಆಫ್‌ಸೆಟ್‌ನ ಅಲಾಯ್ ತೋರಿಸಿದರು. (ಆಫ್‌ಸೆಟ್ ಅಂದರೆ ಬೋಲ್ಟ್ ಕೂರುವ ಮುಖ ರಿಮ್‌ನ ನಡುಗೆರೆಯಿಂದ ಎಷ್ಟು ಮಿ.ಮೀ. ಆಚೀಚೆ ಇದೆ ಅನ್ನುವ ಲೆಕ್ಕ; ಮೈನಸ್ ಕಡೆ ಹೋದಷ್ಟೂ ವೀಲ್ ಹೊರಗೆ ಬರುತ್ತದೆ.) 5x139.7 ಬೋಲ್ಟ್ ಲೆಕ್ಕ (139.7 ಮಿ.ಮೀ. ವೃತ್ತದಲ್ಲಿ ಐದು ಬೋಲ್ಟ್) ಸರಿ ಇದೆ. ಆದರೆ ಕಂಪನಿಯದ್ದು 5.5 ಇಂಚು, ಪ್ಲಸ್ 5. ಹೊಸದು ಅಷ್ಟು ಹೊರಗೆ ಬಂದರೆ ಬೇರಿಂಗ್ ಮೇಲೆ ಭಾರ ಬೀಳುತ್ತದೆ, ಕೆಸರೆಲ್ಲ ಬಾಗಿಲಿಗೆ ಹಾರುತ್ತದೆ, ಅಲ್ವಾ? ಅಲಾಯ್‌ನ ನಡುವಿನ ತೂತು ಹಬ್‌ನ (ಗಾಡಿಯಲ್ಲಿ ವೀಲ್ ಕೂರುವ ಭಾಗ) 108 ಮಿ.ಮೀ.ಗೆ ಕೂರುತ್ತದಾ ಅಂತ ಕೇಳಿದೆ, ಸರಿಯಾದ ಉತ್ತರ ಸಿಗಲಿಲ್ಲ.

ನನ್ನ ಮನಸ್ಸು ಸ್ಟೀಲ್ ಕಡೆಗಿದೆ. ಹಳೇ ಗಾಡಿಯ ಅಲಾಯ್ ಕಲ್ಲಿಗೆ ಬಡಿದು ಬಿರುಕು ಬಿಟ್ಟಿತ್ತು. ರಾತ್ರಿ, ಮಳೆ, ಗಾಡಿಯಲ್ಲಿ ಅಮ್ಮ ಬೇರೆ ಇದ್ದರು. ಸ್ಟೀಲ್ ಆದರೆ ಬಗ್ಗುತ್ತದೆ, ಬಡಿದು ಸರಿ ಮಾಡಿಸಬಹುದು. ತೂಕ ಜಾಸ್ತಿ, ನಿಜ.

ಜಿಮ್ನಿಗೆ 215 ಟೈರು ಹಾಕಿಸಿದವರು ಯಾರಾದರೂ ಇದ್ದೀರಾ? ಕಂಪನಿಯ ರಿಮ್‌ನಲ್ಲೇ ಓಡಿಸುತ್ತಿದ್ದೀರಾ? ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಎಲ್ಲಾದರೂ ಉಜ್ಜುತ್ತದಾ? ದಯವಿಟ್ಟು ತಿಳಿಸಿ. ಮಳೆ ಹಿಡಿಯುವ ಮೊದಲು ಹಾಕಿಸಬೇಕು.