‘ವೆಸ್ಟ್ ರೈಡಿಂಗ್’: ಇದು ಸವಾರಿಯಲ್ಲ, ಕನ್ನಡದಲ್ಲಿ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ಇಂಗ್ಲೆಂಡಿನ ಉಣ್ಣೆ ಗಿರಣಿಗಳ ಚರಿತ್ರೆ ಕುರಿತ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಲೀಡ್ಸ್, ಬ್ರಾಡ್‌ಫರ್ಡ್, ಹ್ಯಾಲಿಫ್ಯಾಕ್ಸ್ ಊರುಗಳ ಮಾತು ಬಂದಲ್ಲೆಲ್ಲ ‘ವೆಸ್ಟ್ ರೈಡಿಂಗ್’ ಎಂಬ ಹೆಸರು ಬರುತ್ತದೆ. ಅಧಿಕಾರಿಯೊಬ್ಬ ಕುದುರೆಯೇರಿ ಸುತ್ತಿ ಬರುವಷ್ಟು ಸೀಮೆ ಇರಬೇಕೆಂದು ಭಾವಿಸಿ, ಮೊದಲ ಕರಡಿನಲ್ಲಿ ‘ಪಶ್ಚಿಮ ಸವಾರಿ ಪ್ರಾಂತ’ ಎಂದು ಬರೆದಿದ್ದೆ. ಹುಡುಕುತ್ತಾ ಹೋದಾಗ ಕುದುರೆಗೂ ಈ ಪದಕ್ಕೂ ಸಂಬಂಧವೇ ಇಲ್ಲವೆಂದು ತಿಳಿಯಿತು.

ಯಾರ್ಕ್‌ಷೈರ್ ಕೌಂಟಿಯಲ್ಲಿ ಉತ್ತರ, ಪೂರ್ವ, ಪಶ್ಚಿಮ ಎಂದು ಮೂರು ರೈಡಿಂಗ್‌ಗಳಿದ್ದವು. ದಕ್ಷಿಣ ಇರಲಿಲ್ಲ. ಪದದ ಗುಟ್ಟು ಇಲ್ಲಿಯೇ ಇದೆ. 866ರಲ್ಲಿ ಡೇನರು, ಅಂದರೆ ಕಡಲಾಚೆಯಿಂದ ದಂಡೆತ್ತಿ ಬಂದ ವೈಕಿಂಗರು, ಯಾರ್ಕ್ ಪಟ್ಟಣವನ್ನು ಹಿಡಿದರು. ಅವರ ಹಳೆಯ ನಾರ್ಸ್ ಭಾಷೆಯಲ್ಲಿ ‘ಥ್ರಿದ್ಯುಂಗ್ರ್’ ಎಂದರೆ ಮೂರರಲ್ಲಿ ಒಂದು ಪಾಲು. ಅದು ಇಂಗ್ಲಿಷರ ಬಾಯಲ್ಲಿ ‘ಥ್ರಿಡಿಂಗ್’ ಆಯಿತು. ‘ನಾರ್ತ್’ ಕೊನೆಯಾಗುವುದು ಥಕಾರದಲ್ಲಿ, ‘ಈಸ್ಟ್’, ‘ವೆಸ್ಟ್’ ಕೊನೆಯಾಗುವುದು ಟಕಾರದಲ್ಲಿ. ಎರಡು ಪದ ಕೂಡಿಸಿ ಹೇಳುವಾಗ ಥ್ರಿಡಿಂಗಿನ ಮೊದಲ ವ್ಯಂಜನ ಹಿಂದಿನ ಪದದಲ್ಲಿ ಕರಗಿಹೋಯಿತು. ಮತ್ತೆ ಬಿಡಿಸಿ ಬರೆಯುವ ಹೊತ್ತಿಗೆ ಉಳಿದದ್ದು ‘ರೈಡಿಂಗ್’. ಇಂಥದ್ದು ಇಂಗ್ಲಿಷಿನಲ್ಲಿ ಬೇರೆ ಕಡೆಯೂ ನಡೆದಿದೆ: ನಾವು ದಿನವೂ ಹೇಳುವ ಏಪ್ರನ್ ಮೊದಲು ‘ನೇಪ್ರನ್’ ಆಗಿತ್ತು, ನ್ಯಾಪ್‌ಕಿನ್‌ನ ಒಡಹುಟ್ಟು. ಅದರ ನಕಾರ ಹಿಂದಿನ ‘ಎ’ಗೆ ಅಂಟಿಕೊಂಡು ‘ಆ್ಯನ್’ ಆಯಿತು.

ನನಗೆ ತುಂಬ ಖುಷಿ ಕೊಟ್ಟದ್ದು ಇನ್ನೊಂದು ಸಂಗತಿ. ನಾರ್ಸ್‌ನ ‘ಥ್ರಿದಿ’, ಇಂಗ್ಲಿಷಿನ ‘ಥರ್ಡ್’, ಸಂಸ್ಕೃತದ ‘ತೃತೀಯ’ ಮೂರೂ ಒಂದೇ ಬೇರಿನವು. ಅಂದರೆ ‘ತೃತೀಯಾಂಶ’ ಎಂದು ಅನುವಾದಿಸಿದರೆ ಹಳೆಯ ನೆಂಟನನ್ನೇ ಕರೆತಂದಂತಾಗುತ್ತದೆ. ಆದರೆ ಓದುಗರ ಕಿವಿಗೆ ಅದು ಲೆಕ್ಕದ ಪುಸ್ತಕದ ಮಾತು. ಅಚ್ಚಗನ್ನಡದಲ್ಲಿ ‘ಮುಪ್ಪಾಲು’ ಎನ್ನೋಣವೆಂದರೆ, ‘ಮುಕ್ಕಾಲು’ ಇದ್ದ ಹಾಗೆ ಮೂರೂ ಪಾಲು ಸೇರಿದ್ದು ಎಂಬ ಅರ್ಥ ಬರುತ್ತದೆ. ನಮಗೆ ಬೇಕಾದದ್ದು ಒಂದೇ ಪಾಲು. ‘ಹೋಬಳಿ’ ತೀರ ಚಿಕ್ಕದು. ಲೀಡ್ಸ್, ಷೆಫೀಲ್ಡ್‌ನಂಥ ನಗರಗಳೆಲ್ಲ ಒಂದೇ ವೆಸ್ಟ್ ರೈಡಿಂಗ್‌ನ ಎಲ್ಲೆಯೊಳಗಿದ್ದವು.

ಸಂಖ್ಯೆಯೇ ನಾಡಿನ ಹೆಸರಿಗೆ ಅಂಟಿಕೊಳ್ಳುವುದು ನಮಗೆ ಹೊಸದೇನಲ್ಲ. ಬೆಳ್ವೊಲ ಮುನ್ನೂರು, ಬನವಾಸಿ ಹನ್ನೆರಡು ಸಾವಿರ ಎಂದು ಶಾಸನಗಳಲ್ಲಿ ಓದುತ್ತೇವೆ. ಆದರೆ ‘ಮುನ್ನೂರು’ ಇವತ್ತಿಗೂ ಯಾರಿಗಾದರೂ ಮುನ್ನೂರೆಂದೇ ಕೇಳುತ್ತದೆ. ರೈಡಿಂಗ್‌ನೊಳಗಿನ ‘ಮೂರು’ ಇಂಗ್ಲಿಷರ ಕಿವಿಯಿಂದಲೇ ಮರೆಯಾಯಿತು. ಐರ್ಲೆಂಡಿನ ಟಿಪ್ಪರೇರಿ ಕೌಂಟಿಯನ್ನು 1838ರಲ್ಲಿ ಎರಡಾಗಿ ಒಡೆದಾಗ ಆ ಎರಡಕ್ಕೂ ರೈಡಿಂಗ್ ಎಂದೇ ಹೆಸರಿಟ್ಟರು. ಕೆನಡಾದಲ್ಲಂತೂ ರೈಡಿಂಗ್ ಎಂದರೆ ಆಡುಮಾತಿನಲ್ಲಿ ಚುನಾವಣಾ ಕ್ಷೇತ್ರ. 2022ರ ಮೇ ತಿಂಗಳಲ್ಲಿ ಅಲ್ಲಿನ ಸಂಸತ್ತಿನಲ್ಲಿ ಕನ್ನಡದಲ್ಲಿ ಮಾತಾಡಿದ ಚಂದ್ರ ಆರ್ಯ ಅವರು ನೆಪಿಯನ್ ರೈಡಿಂಗ್‌ನಿಂದ ಆರಿಸಿಬಂದಿದ್ದವರು. ಅಲ್ಲಿ ‘ಕ್ಷೇತ್ರ’ ಎಂದರೆ ಸಾಕು, ಚರ್ಚೆಯೇ ಬೇಡ. ಹೀಗಾಗಿ ಒಂದೇ ಪದ ಎಲ್ಲ ಕಡೆಗೂ ಹೊಂದುವುದಿಲ್ಲ ಅನ್ನಿಸುತ್ತದೆ.

ದಕ್ಷಿಣ ರೈಡಿಂಗ್ ಎಲ್ಲೂ ಇರಲಿಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಲಿಂಕನ್‌ಷೈರ್‌ನ ಲಿಂಡ್ಸಿ ಭಾಗಕ್ಕೂ ಮೂರು ರೈಡಿಂಗ್‌ಗಳಿದ್ದವು: ಉತ್ತರ, ಪಶ್ಚಿಮ, ದಕ್ಷಿಣ. ಅಲ್ಲಿ ಇಲ್ಲದ್ದು ಪೂರ್ವ. ಇಂಗ್ಲೆಂಡಿನ ಭೂಮಿಕಾಣಿಗಳ ಲೆಕ್ಕ ಬರೆದಿಟ್ಟ 1086ರ ಡೂಮ್ಸ್‌ಡೇ ದಾಖಲೆಯಲ್ಲೇ ಎರಡೂ ಕಡೆಯ ರೈಡಿಂಗ್‌ಗಳು ಕಾಣುತ್ತವೆ.

ಯಾರ್ಕ್‌ಷೈರ್‌ನಲ್ಲಿ ಇವು ಬರಿಯ ಹೆಸರಾಗಿರಲಿಲ್ಲ. 1889ರಿಂದ ಮೂರಕ್ಕೂ ಪ್ರತ್ಯೇಕ ಕೌಂಟಿ ಕೌನ್ಸಿಲ್ ಬಂತು; ನಾರ್ತಲರ್ಟನ್, ಬೆವರ್ಲಿ, ವೇಕ್‌ಫೀಲ್ಡ್ ಅವುಗಳ ಕೇಂದ್ರ. ಯಾರ್ಕ್ ನಗರ ಮಾತ್ರ ಮೊದಲಿನಿಂದಲೂ ಮೂರರಿಂದಲೂ ಹೊರಗೆ. 1974ರ ಏಪ್ರಿಲ್ 1ರಂದು ಮೂರೂ ಆಡಳಿತ ಘಟಕಗಳು ಇಲ್ಲವಾದವು. ಈಸ್ಟ್ ರೈಡಿಂಗ್‌ನ ಬಹುಪಾಲು ‘ಹಂಬರ್‌ಸೈಡ್’ ಎಂಬ ಹೊಸ ಕೌಂಟಿಗೆ ಸೇರಿತು. ಆ ಹೆಸರು ಜನರಿಗೆ ಒಗ್ಗಲಿಲ್ಲ. 1996ರಲ್ಲಿ ಹಂಬರ್‌ಸೈಡನ್ನೇ ತೆಗೆದುಹಾಕಿ, ಹಳೆಯ ಎಲ್ಲೆಗೆ ಪೂರ್ತಿ ಹೊಂದದಿದ್ದರೂ, ‘ಈಸ್ಟ್ ರೈಡಿಂಗ್’ ಎಂಬ ಹೆಸರನ್ನು ಆಡಳಿತಕ್ಕೆ ಮರಳಿ ತಂದರು. ಸಾವಿರ ವರ್ಷ ಸವೆದ ಹೆಸರಿಗೆ ಇಷ್ಟು ಬಲವಿರುವಾಗ ಅದನ್ನು ಅನುವಾದದಲ್ಲಿ ಅಳಿಸಲು ನನಗೆ ಮನಸ್ಸಿಲ್ಲ.

ಸದ್ಯಕ್ಕೆ ರೈಡಿಂಗ್ ಎಂದೇ ಉಳಿಸಿ, ಮೊದಲ ಸಲ ಬಂದಾಗ ‘ಮೂರರಲ್ಲೊಂದು ಪಾಲು ಎಂಬರ್ಥದ ಆಡಳಿತ ಭಾಗ’ ಎಂದು ವಿವರಿಸಿದ್ದೇನೆ. ಎರಡು ತೊಡಕು ಉಳಿದಿವೆ. ‘ಪಶ್ಚಿಮ ರೈಡಿಂಗ್’ ಎಂದರೆ ಬೈಕ್ ರೈಡಿಂಗ್ ನೆನಪಾಗುತ್ತದೆ. ‘ವೆಸ್ಟ್ ರೈಡಿಂಗ್’ ಎಂದರೆ ದಿಕ್ಕಿನ ಸುಳಿವು ಮಸುಕಾಗುತ್ತದೆ. ನೀವಾದರೆ ಯಾವುದನ್ನು ಆರಿಸುತ್ತೀರಿ? ಜಮೀನು ಪಾಲಿನ ಪತ್ರಗಳಲ್ಲಿ ‘ಮೂರರಲ್ಲೊಂದು’ ಭಾಗಕ್ಕೆ ನಿಮ್ಮ ಸೀಮೆಯಲ್ಲಿ ಒಂದೇ ಪದವೇನಾದರೂ ಬಳಕೆಯಲ್ಲಿದ್ದರೆ ದಯವಿಟ್ಟು ಊರಿನ ಹೆಸರಿನೊಂದಿಗೆ ತಿಳಿಸಿ.