ಸಹಾಯ ಬೇಕು: ಸ್ಕೀಮಾ ಥೆರಪಿ ಮಾಡುವವರು ಬೆಂಗಳೂರಿನಲ್ಲಿ ಯಾರಿದ್ದಾರೆ?

ಎಲ್ಲರಿಗೂ ನಮಸ್ಕಾರ. ನಾನಿರುವುದು ರಾಜಾಜಿನಗರದಲ್ಲಿ. ಎರಡು ವರ್ಷ ಸಿಬಿಟಿಗೆ (ಯೋಚನೆ, ನಡವಳಿಕೆ ಬದಲಿಸಿಕೊಳ್ಳಲು ಕಲಿಸುವ ಮಾತಿನ ಚಿಕಿತ್ಸೆ) ಹೋದೆ. ಉಪಯೋಗ ಆಗಲಿಲ್ಲ ಅಂತಲ್ಲ, ನಿದ್ದೆ ಸರಿಹೋಯಿತು. ಆದರೆ ಯಾರಾದರೂ ಫೋನ್ ಎತ್ತದಿದ್ದರೆ ಸಾಕು, ‘ನನ್ನನ್ನು ಬಿಟ್ಟೇ ಹೋದರು’ ಅನ್ನುವ ಭಯ. ಅದು ತಪ್ಪು ಯೋಚನೆ ಅಂತ ತಲೆಗೆ ಗೊತ್ತು, ಹೊಟ್ಟೆಗೆ ಗೊತ್ತಿಲ್ಲ.

ಇದಕ್ಕೆ ಸ್ಕೀಮಾ ಥೆರಪಿ ಆಗಬಹುದು ಅಂತ ಓದಿದೆ. ಅಮೆರಿಕದ ಜೆಫ್ರಿ ಯಂಗ್ ರೂಪಿಸಿದ್ದು. ಚಿಕ್ಕಂದಿನಲ್ಲಿ ಸಿಗಬೇಕಾದ ಪ್ರೀತಿ, ಭದ್ರತೆ ಸಿಗದಿದ್ದಾಗ ಬೇರೂರುವ 18 ಸ್ಕೀಮಾಗಳನ್ನು, ಅಂದರೆ ತನ್ನ ಬಗ್ಗೆ, ಬೇರೆಯವರ ಬಗ್ಗೆ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತ ನಂಬಿಕೆ-ಭಾವನೆಗಳನ್ನು, ಅವರು ಗುರುತಿಸಿದ್ದಾರೆ. ಕೈಬಿಟ್ಟು ಹೋಗುತ್ತಾರೆ ಅನ್ನುವ ಭಯವೂ ಅದರಲ್ಲಿ ಒಂದು. ಕುರ್ಚಿಗಳನ್ನಿಟ್ಟು, ಒಳಗೆ ಬೈಯುವ ದನಿಯನ್ನೂ ಹೆದರಿದ ಮಗುವನ್ನೂ ಬೇರೆ ಬೇರೆಯಾಗಿ ಮಾತಾಡಿಸುತ್ತಾರಂತೆ. ಸ್ವಲ್ಪ ನಾಟಕದ ಹಾಗಿದೆ, ಅಲ್ವಾ? ಮಾಡಿಸಿಕೊಂಡವರು ಇದ್ದರೆ ನಿಜಕ್ಕೂ ಹೇಗಿತ್ತು ಅಂತ ಹೇಳಿ.

ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇರುವ ಕ್ಲಿನಿಕಲ್ ಸೈಕಾಲಜಿಸ್ಟ್ ಬೇಕು. ಸ್ಕೀಮಾದಲ್ಲೇ ತರಬೇತಿ ಆಗಿರಬೇಕು, ಬರೀ ಬೋರ್ಡಿನ ಮೇಲೆ ಹೆಸರಿದ್ದರೆ ಸಾಲದು. ನಿಮ್ಹಾನ್ಸ್‌ನಲ್ಲಿ ಇದಕ್ಕೆ ಯಾವ ವಿಭಾಗದಲ್ಲಿ ಕೇಳಬೇಕು? ಕನ್ನಡ ಬರಲೇಬೇಕು. ಅಮ್ಮನ ವಿಷಯ ಇಂಗ್ಲಿಷಿನಲ್ಲಿ ಹೇಳಿದರೆ ನನಗೆ ಅಳುವೇ ಬರುವುದಿಲ್ಲ. ಒಂದು ಸೆಷನ್‌ಗೆ ಎಷ್ಟು ಫೀಸ್ ಆಗುತ್ತದೆ ಅಂತಲೂ ತಿಳಿಸಿ.

ಸುಮ್ನೆ ‘ಯೋಗ ಮಾಡಿ’ ಅನ್ನಬೇಡಿ, ಅದನ್ನೂ ಮಾಡುತ್ತಿದ್ದೇನೆ.